ಕಲ್ಯಾಣದ ಎಲುಬಿನ ಲೆಕ್ಕ

ಮಾನವಶಾಸ್ತ್ರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಗಿರಿಜನರ ಆಚಾರ, ಮದುವೆಯ ಕಟ್ಟಳೆ, ಗ್ರಾಮದೇವತೆಯ ಪೂಜೆ ಮೊದಲಾದ ವಿಷಯಗಳು. ಆದರೆ ಆ ಶಾಸ್ತ್ರದ ವ್ಯಾಸಂಗಕ್ಕೆ ಬಂದ ವಿದ್ಯಾರ್ಥಿಯು ಬಹುಬೇಗನೆ ಎಲುಬುಗಳ ಎದುರಿಗೆ ಕುಳಿತುಕೊಳ್ಳಬೇಕಾಗುತ್ತದೆ. ಈ ತೊಡೆಯೆಲುಬು ಎಡಗಾಲಿನದೋ ಬಲಗಾಲಿನದೋ, ಈ ಸೊಂಟದೆಲುಬು ಹೆಣ್ಣಿನದೋ ಗಂಡಿನದೋ, ಯಾವ ಮಾಂಸಖಂಡ ಎಲ್ಲಿ ಮೊದಲಾಗಿ ಎಲ್ಲಿ ಬಂದು ಸೇರುತ್ತದೆ ಎಂಬುದನ್ನೆಲ್ಲ ಅವನು ಕಲಿಯತಕ್ಕದ್ದು. ವೈದ್ಯನಾಗದವನಿಗೆ ಈ ಶ್ರಮವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವನ್ನು ನಮ್ಮ ನಾಡಿನ ಚರಿತ್ರೆಯಿಂದಲೇ, ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದುಗಳ ಸೀಮೆಯಿಂದಲೇ ಕೊಡಬಹುದೆಂದು ನನ್ನ ಭಾವನೆ.

ಇಂದಿನ ಬಸವಕಲ್ಯಾಣವೇ ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಅಲ್ಲಿ ಆಳಿದನು. ಆತನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದು, ಗ್ರಂಥದ ಕೊನೆಯಲ್ಲಿ ಆ ಊರನ್ನೂ ಆ ಅರಸನನ್ನೂ ಕೊಂಡಾಡಿದ್ದಾನೆ. ಆಸ್ತಿಯ ಪಾಲಿನ ವಿಷಯದಲ್ಲಿ ಮಿತಾಕ್ಷರಾ ಎಷ್ಟು ಪ್ರಸಿದ್ಧವೆಂಬುದನ್ನು ವಿದ್ಯಾವಂತರಿಗೆ ಹೇಳಬೇಕಾಗಿಲ್ಲ. ಕೋಲ್‌ಬ್ರೂಕನು 1810ರಲ್ಲಿ ಆ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ಅದರ ಪ್ರಾಮಾಣ್ಯ ಇನ್ನೂ ಬೆಳೆಯಿತು. ಆದರೆ ವಕೀಲರು ಅಪರೂಪವಾಗಿ ತೆರೆಯುವ ಮೂರನೆಯ ಅಧ್ಯಾಯದಲ್ಲಿ, ಯತಿಧರ್ಮವನ್ನು ಹೇಳುವ ಎಡೆಯಲ್ಲಿ, ಮನುಷ್ಯದೇಹದ ಎಲುಬುಗಳ ಒಂದು ಪಟ್ಟಿಯಿದೆ. ಅಲ್ಲಿ ಬರುವ ಮೊತ್ತ 360.

ಇಂದಿನ ಅಂಗರಚನಾಶಾಸ್ತ್ರವು ವಯಸ್ಕನಲ್ಲಿ 206 ಎಲುಬುಗಳನ್ನು ಎಣಿಸುತ್ತದೆ. ಹಾಗಾದರೆ ಹಳೆಯ ಲೆಕ್ಕ ಬರಿಯ ಕಲ್ಪನೆಯೇ? ಹಾಗೆನ್ನಲಾಗದು. ಆ ಪಟ್ಟಿಯಲ್ಲಿ ಮುಂಗೈಗಳಿಗೆ ನಾಲ್ಕು, ಮೊಣಕಾಲಿನ ಕೆಳಗೆ ನಾಲ್ಕು, ಹಿಮ್ಮಡಿಗಳಿಗೆ ಎರಡು ಎಂದಿದೆ. ಈ ಮೂರೂ ಇಂದಿಗೂ ಸರಿಯಾದವು. ಬೆರಳುಗಳಿಗೆ 60 ಎಂದಿದೆ. ಹೆಬ್ಬೆರಳುಗಳಲ್ಲಿ ಮೂರರ ಬದಲು ಎರಡೇ ಎಲುಬುಗಳಿರುವುದರಿಂದ ನಿಜವಾದ ಸಂಖ್ಯೆ 56. ಮೊತ್ತ ಹಿಗ್ಗಿದ್ದಕ್ಕೆ ಮುಖ್ಯ ಕಾರಣಗಳು ಬೇರೆ. 32 ಹಲ್ಲುಗಳನ್ನೂ ಅವುಗಳ 32 ಕುಳಿಗಳನ್ನೂ 20 ಉಗುರುಗಳನ್ನೂ ಎಲುಬಿನ ಜೊತೆಗೆ ಸೇರಿಸಿಕೊಂಡಿದ್ದಾರೆ. ಪಕ್ಕೆಲುಬುಗಳು 24 ಇದ್ದರೂ, ಅವು ಬೆನ್ನಿಗೆ ತಗಲುವ ಎಡೆಗಳನ್ನು ಪ್ರತ್ಯೇಕವಾಗಿ ಎಣಿಸಿ 72 ಮಾಡಿದ್ದಾರೆ. ಚರಕನ ಮೊತ್ತವೂ 360; ಶಸ್ತ್ರವೈದ್ಯನಾದ ಸುಶ್ರುತನು 300 ಎನ್ನುತ್ತಾನೆ. ಶವವನ್ನು ಹುಲ್ಲಿನಲ್ಲಿ ಸುತ್ತಿ, ನೀರಿನಲ್ಲಿ ಏಳು ರಾತ್ರಿ ನೆನೆಯಿಟ್ಟು, ಮೆಲ್ಲಗೆ ಉಜ್ಜಿ, ಪದರ ಪದರವಾಗಿ ಕಣ್ಣಾರೆ ನೋಡಬೇಕೆಂದು ವಿಧಿಸಿದವನೂ ಆತನೇ. ಹರ್ನ್ಲೆ ಎಂಬ ವಿದ್ವಾಂಸನು 1907ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಹೋಲಿಸಿ, ಪ್ರಾಚೀನರ ಅಸ್ಥಿಜ್ಞಾನವು ಆಶ್ಚರ್ಯಕರವಾದುದೆಂದು ತೋರಿಸಿದನು.

ಎಲುಬಿನ ಬಳಿಕ ಸ್ಮೃತಿಯು ಸ್ನಾಯು 900, ಪೇಶಿ 500 ಎಂದು ಮುಂದುವರಿಯುತ್ತದೆ. ಇಲ್ಲೊಂದು ಮಾತಿನ ತೊಡಕುಂಟು. ಕನ್ನಡದಲ್ಲಿ ನಾವು ಇಂದು ಸ್ನಾಯುವೆಂದು ಕರೆಯುವುದು ಮಾಂಸಖಂಡವನ್ನು. ಹಳೆಯ ವೈದ್ಯಗ್ರಂಥಗಳಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಿಗಿಯುವ ಕಟ್ಟು, ಮಾಂಸಖಂಡಕ್ಕೆ ಪೇಶಿಯೆಂದು ಹೆಸರು.

ಈ ಎಣಿಕೆಯ ಉದ್ದೇಶ ಚಿಕಿತ್ಸೆಯಲ್ಲ. ದೇಹವು ಎಂತಹ ವಸ್ತುಗಳ ಕೂಟವೆಂದು ತಿಳಿದು ಯತಿಯು ವಿರಕ್ತನಾಗಲಿ ಎಂಬುದೇ ಅದರ ಉದ್ದೇಶ. ಆದರೆ ವಿಜ್ಞಾನೇಶ್ವರನು ಎಲುಬು ಮಾಂಸಗಳ ವಿಚಾರವನ್ನು ಸಂಸಾರಿಗಳ ವ್ಯವಹಾರಕ್ಕೂ ತಂದನು. ಸಪಿಂಡರು ಯಾರು? ಶ್ರಾದ್ಧದ ಪಿಂಡದಿಂದ ಸಂಬಂಧ ಪಡೆದವರು ಎಂಬುದು ಒಂದು ಪಕ್ಷ. ವಿಜ್ಞಾನೇಶ್ವರನಾದರೋ ಪಿಂಡವೆಂದರೆ ದೇಹ, ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರೇ ಸಪಿಂಡರು ಎಂದು ನಿರ್ಣಯಿಸಿದನು. ಅದಕ್ಕೆ ಆಧಾರವಾಗಿ, ಎಲುಬು, ಸ್ನಾಯು, ಮಜ್ಜೆಗಳು ತಂದೆಯಿಂದಲೂ ಚರ್ಮ, ಮಾಂಸ, ರಕ್ತಗಳು ತಾಯಿಯಿಂದಲೂ ಬರುತ್ತವೆಂಬ ಪ್ರಾಚೀನ ಮತವನ್ನು ಎತ್ತಿ ಹೇಳಿದನು. ಟಿಬೆಟಿನವರೂ ತಂದೆಯ ಕಡೆಯ ನಂಟನ್ನು ಎಲುಬೆಂದೂ ತಾಯಿಯ ಕಡೆಯ ನಂಟನ್ನು ಮಾಂಸವೆಂದೂ ಕರೆಯುವುದುಂಟು. ಎಲುಬು ಮಾಂಸಗಳೆರಡೂ ತಂದೆತಾಯಿಗಳಿಬ್ಬರಿಂದಲೂ ರೂಪುಗೊಳ್ಳುತ್ತವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಆದರೂ ಯಾರು ಯಾರನ್ನು ಮದುವೆಯಾಗಬಾರದು, ಯಾರ ಸೊತ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳನ್ನು ಕಲ್ಯಾಣದ ಪಂಡಿತನು ದೇಹಸಂಬಂಧದ ಮೇಲೆ ನಿಲ್ಲಿಸಿದನು. ಮಾನವಶಾಸ್ತ್ರದ ಎರಡು ಕವಲುಗಳಾದ ದೇಹವಿಚಾರವೂ ಬಂಧುತ್ವವಿಚಾರವೂ ಅಲ್ಲಿ ಒಂದೇ ಗ್ರಂಥದಲ್ಲಿ ಕೂಡಿವೆ.

ಎಲುಬನ್ನು ಪಂಡಿತನು ಎಣಿಸಿದರೆ ಮಾಂಸಖಂಡವನ್ನು ಅರಸನು ಗಮನಿಸಿದನು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವುದು, ಭಾರ ಹೊರುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಒತ್ತುವುದು, ಕಂಬದ ಮೇಲೆ ಸಾಧನೆ ಮಾಡುವುದು ಮುಂತಾದ ಶ್ರಮಗಳು ಅಲ್ಲಿ ಹೇಳಲ್ಪಟ್ಟಿವೆ. ಇನ್ನು ಶಿಲ್ಪಿಯ ಅರಿವನ್ನು ಕಾಣಬೇಕಾದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯಕ್ಕೆ ಹೋಗಬೇಕು. ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನಲ್ಲಿ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳು ಅಲ್ಲಿದ್ದಾಳೆ. ಮೈಯ ಭಾರವನ್ನು ಒಂದು ಕಾಲಿನ ಮೇಲೆ ಬಿಟ್ಟಾಗ ಆ ಕಡೆಯ ಸೊಂಟ ಏರುತ್ತದೆ, ಬೆನ್ನೆಲುಬು ಬಾಗುತ್ತದೆ, ಹೆಗಲು ಅದನ್ನು ಸರಿದೂಗಿಸುತ್ತದೆ. ತ್ರಿಭಂಗಿಯೆಂದು ನಾವು ಮೆಚ್ಚುವ ನಿಲುವಿನ ಒಳಗುಟ್ಟು ಇದೇ.

ಇಂದಿನ ವಿದ್ಯಾರ್ಥಿಯು ಈ ಮೂರು ಬಗೆಯ ನೋಟಗಳನ್ನೂ ಒಟ್ಟುಗೂಡಿಸಿಕೊಳ್ಳಬೇಕು. ಎಲುಬು ಕಲ್ಲಿನಂತೆ ಜಡವಲ್ಲ. ಬೆಳವಣಿಗೆಯಲ್ಲಿ ಅದರ ತುದಿಗಳು ಕ್ರಮವಾಗಿ ಬೆಸೆದುಕೊಳ್ಳುತ್ತವೆ. ಕೊರಳೆಲುಬಿನ ಒಳತುದಿಯು ಇಪ್ಪತ್ತು ವರ್ಷ ಕಳೆದ ಮೇಲೆಯೇ ಪೂರ್ತಿಯಾಗಿ ಕೂಡುವುದರಿಂದ ವಯಸ್ಸನ್ನು ಊಹಿಸಬಹುದು. ಮಾಂಸಖಂಡಗಳು ಅಂಟಿಕೊಂಡಿದ್ದ ಎಡೆಗಳು ಒರಟಾಗಿ ಉಬ್ಬಿರುವುದುಂಟು. ವಯಸ್ಸನ್ನೂ ಮೈಕಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಚ್ಚರಿಕೆಯಿಂದ ನೋಡಿದರೆ ಅವು ಜೀವಮಾನದ ದುಡಿಮೆಯ ಸುಳಿವನ್ನು ಕೊಡಬಲ್ಲವು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ನೂತನ ಶಿಲಾಯುಗದ ನೆಲೆಯನ್ನು ಅಗೆದಾಗ ಪುರಾತತ್ತ್ವಜ್ಞರಾದ ಎಂ. ಎಸ್. ನಾಗರಾಜರಾಯರೊಡನೆ ಮಾನವಶಾಸ್ತ್ರಜ್ಞರಾದ ಕೆ. ಸಿ. ಮಲ್ಹೋತ್ರರೂ ಸೇರಿ 1965ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬರಹವಿಲ್ಲದ ಕಾಲದ ಜನರಿಗೆ ಅವರ ಎಲುಬೇ ಶಾಸನ.

ಆದರೆ ಆ ಶಾಸನದಲ್ಲಿ ಇಲ್ಲದ್ದನ್ನು ಓದಿದವರೂ ಉಂಟು. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲೆಯು, ಮೂಗಿನ ಅಗಲವನ್ನು ಅಳೆದು ಜಾತಿಯ ಮೇಲುಕೀಳನ್ನು ತಿಳಿಯಬಹುದೆಂದು ವಾದಿಸಿದನು. ಅಮೆರಿಕದಲ್ಲಿ ಫ್ರಾನ್ಜ್ ಬೋವಾಸನು ವಲಸೆಗಾರರನ್ನೂ ಅವರ ಮಕ್ಕಳನ್ನೂ, ಸುಮಾರು 18,000 ಮಂದಿಯನ್ನು ಅಳೆದು, ತಲೆಯ ಆಕಾರವೇ ಒಂದು ತಲೆಮಾರಿನಲ್ಲಿ ಬದಲಾಗಬಲ್ಲುದೆಂದು 1912ರಲ್ಲಿ ತಿಳಿಸಿದ ಮೇಲೆ, ಇಂತಹ ಅಳತೆಗಳಿಂದ ಜನರನ್ನು ಶಾಶ್ವತವಾದ ಮೇಲುಕೀಳುಗಳಿಗೆ ಹಂಚುವ ಹವ್ಯಾಸದ ಬುಡವೇ ಅಲುಗಿತು.

ಈ ವಿಷಯದಲ್ಲಿಯೂ ಕಲ್ಯಾಣದ ಗ್ರಂಥವು ಯೋಚನೆಗೆ ಎಡೆಮಾಡುತ್ತದೆ. ಬ್ರಾಹ್ಮಣನ ನಾಲ್ಕು ವರ್ಣಗಳ ಹೆಂಡಿರಲ್ಲಿ ಹುಟ್ಟಿದ ಮಕ್ಕಳಿಗೆ ಕ್ರಮವಾಗಿ ನಾಲ್ಕು, ಮೂರು, ಎರಡು, ಒಂದು ಪಾಲುಗಳನ್ನು ವಿಧಿಸುವ ಸ್ಮೃತಿ ಇದು. ಎಲುಬುಗಳನ್ನು ಎಣಿಸುವಾಗಲಾದರೋ ಅದು ವರ್ಣದ ಹೆಸರನ್ನೆತ್ತುವುದಿಲ್ಲ. ಪುರುಷನ ಎಲುಬುಗಳು ಇಷ್ಟು ಎಂದಷ್ಟೇ ಹೇಳುತ್ತದೆ. ಪಾಲಿನಲ್ಲಿ ಭೇದವಿದೆ, ಎಲುಬಿನಲ್ಲಿಲ್ಲ. ವಿಜ್ಞಾನೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕುಲದ ಮೇಲುಕೀಳನ್ನು ಬಹಿರಂಗವಾಗಿ ಪ್ರಶ್ನಿಸಿದರು. ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಮದುವೆಯೂ ಅದರಿಂದೆದ್ದ ಕೋಲಾಹಲವೂ ಪರಂಪರೆಯ ನೆನಪಿನಲ್ಲಿ ಉಳಿದಿವೆ. ಶಾಸ್ತ್ರದ ಪಟ್ಟಿಯಲ್ಲಿ ಮೌನವಾಗಿದ್ದ ಸಮಾನತೆಯು ಬೀದಿಗೆ ಬಂದಾಗ ಅದಕ್ಕೆ ತೆರಬೇಕಾದ ಬೆಲೆ ಅಷ್ಟಾಯಿತು.

ಆದಕಾರಣ ಎಲುಬು ಮಾಂಸಖಂಡಗಳ ವ್ಯಾಸಂಗವು ಮಾನವಶಾಸ್ತ್ರದ ವಿದ್ಯಾರ್ಥಿಗೆ ಒಣ ಕಂಠಪಾಠವಲ್ಲ. ಎಲುಬು ವಯಸ್ಸನ್ನು ಹೇಳುತ್ತದೆ, ರೋಗವನ್ನು ಹೇಳುತ್ತದೆ, ದುಡಿಮೆಯ ಸುಳಿವನ್ನು ಕೊಡುತ್ತದೆ. ಯಾರು ಮೇಲು ಯಾರು ಕೀಳು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೇಳುವವರು ನಾವು. ಈ ವಿವೇಕವನ್ನು ಪಡೆಯಲು ನಮ್ಮ ತರುಣರು ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ಕಳೆದರೆ ಅದು ವ್ಯರ್ಥವಾಗಲಾರದು.