ಮಂಕಿ ಟೊಪ್ಪಿಗಿ ಮತ್ತ ಸಿಪಾಯಿ ಅರಿವಿಯ ಹೆಸರು

ಹೋದ ತಿಂಗಳು ನಮ್ಮ ವೈನಿ ಮಗನ ಫೋನ್ ಬಂದಿತ್ತು. ಬೆಳಗಾವಿಯೊಳಗ ಟ್ರೇನಿಂಗ್ ಮುಗಿಸಿ ಈಗ ಲಡಾಖ್ ಕಡೆ ಇದ್ದಾನ. "ಅತ್ಯಾ, ನನಗೊಂದು ಬಾಲಕ್ಲಾವಾ ಹೆಣದು ಕಳಸ್ತೀಯೇನು?" ಅಂದ. "ಅದೇನಪಾ ಅದು, ತಿನ್ನೋದೇನು?" ಅಂದೆ. ನಗಲಿಕ್ಕೆ ಹತ್ತಿದ. "ಮಂಕಿ ಕ್ಯಾಪ್ ಅತ್ಯಾ! ಇಲ್ಲೆ ಹಂಗಂತಾರ. ಸರಕಾರದ್ದು ಕೊಟ್ಟಾರ, ಆದ್ರ ಮನಿದೊಂದು ಇರಲಿ."

ಮಂಕಿ ಟೊಪ್ಪಿಗಿ ನಮಗೇನು ಹೊಸದಲ್ಲ. ಮಾಗಿ ಚಳಿ ಬಂತಂದ್ರ ಎಲ್ಲಾ ಅಜ್ಜಂದಿರ ತಲಿಮ್ಯಾಲೆ ಅದೇ. ಆದ್ರ ಈ ಬಾಲಕ್ಲಾವಾ ಅನ್ನೋ ಹೆಸರು ತಲ್ಯಾಗ ಕೂತುಬಿಡ್ತು. ಉಲನ್ ಕಡ್ಡಿ ಕೈಯಾಗ ಹಿಡಕೊಂಡು ಅಷ್ಟಿಷ್ಟು ಓದಿದೆ. ಓದಿದ್ದನ್ನ ನಿಮಗೂ ಹೇಳಬೇಕನಸ್ತು.

ಬಾಲಕ್ಲಾವಾ ಅನ್ನೋದು ಒಂದು ಊರು. ಕಪ್ಪು ಸಮುದ್ರದ ದಂಡಿಮ್ಯಾಲೆ, ಕ್ರಿಮಿಯಾದೊಳಗ ಅದ. 1854ರಾಗ ಇಂಗ್ಲಿಷರು, ಫ್ರೆಂಚರು, ತುರ್ಕರು ಕೂಡಿ ರಷ್ಯಾದ ಜೋಡಿ ಅಲ್ಲೆ ಯುದ್ಧಕ್ಕ ಇಳದ್ರು. ಇಂಗ್ಲಿಷರ ಸಾಮಾನು ಇಳೀತಿದ್ದ ಬಂದರ ಇದು. ಬ್ಯಾಸಿಗಿಯೊಳಗ ಹೊಂಟ ದಂಡು, ಚಳಿಗಾಲ ಬರೂದ್ರಾಗ ಗೆದ್ದು ಬರ್ತೀವಿ ಅಂತ ತಿಳಕೊಂಡಿತ್ತು. ಚಳಿ ಮೊದಲ ಬಂತು, ಗೆಲವು ಬರಲಿಲ್ಲ. ನವೆಂಬರ್ 14ಕ್ಕ ದೊಡ್ಡ ಬಿರುಗಾಳಿ ಎದ್ದು ಬಂದರದ ಹೊರಗ ನಿಂತಿದ್ದ "ಪ್ರಿನ್ಸ್" ಅನ್ನೋ ಹಡಗ ಮುಳಗಿತು. ಅದರೊಳಗ ಇದ್ದದ್ದು ಸುಮಾರು 40,000 ಮಂದಿಗೆ ಆಗೋಷ್ಟು ಬೆಚ್ಚನ್ನ ಅರಿವಿ. ಎಲ್ಲಾ ಸಮುದ್ರದ ಪಾಲಾತು. ಆ ಯುದ್ಧದಾಗ ಇಂಗ್ಲಿಷ್ ಸಿಪಾಯಿಗಳು ಗುಂಡಿಗೆ ಸತ್ತದ್ದಕ್ಕಿಂತ ಬ್ಯಾನಿಯೊಳಗ ಸತ್ತದ್ದೇ ಭಾಳ. ಮ್ಯಾಲೆ ಚಳಿ, ಹಸಿವಿ.

ಸುದ್ದಿ ಪೇಪರಿನಾಗ ಬಂದ ಮ್ಯಾಲೆ ಅಲ್ಲಿ ಹೆಣ್ಣುಮಕ್ಕಳು ಕಡ್ಡಿ ಹಿಡಕೊಂಡು ಕೂತ್ರು. ವಿಕ್ಟೋರಿಯಾ ರಾಣಿ, ಆಕಿ ಮಗಳಂದಿರು, ಅರಮನಿ ಹೆಂಗಸರು ಸೈತ ಸಿಪಾಯಿಗಳ ಸಲುವಾಗಿ ಹೆಣೀತಿದ್ರು. ಹಳ್ಳಿ, ಪ್ಯಾಟಿಯ ಸಾದಾ ಹೆಂಗಸರ ಬಗ್ಗೆ ಕೇಳೋದೇ ಬ್ಯಾಡ. ಕಣ್ಣು, ಬಾಯಿ ಅಷ್ಟ ಬಿಟ್ಟು ಎಲ್ಲಾ ಮುಚ್ಚೋ ಟೊಪ್ಪಿಗಿಗೆ ಮುಂದ ಆ ಊರಿನ ಹೆಸರೇ ಉಳೀತು.

ಇನ್ನೊಂದು ಮಜಾ ನೋಡ್ರಿ. ನಾವು ಗುಂಡಿ ಹಚ್ಚಿದ ಸ್ವೆಟರಿಗೆ ಕಾರ್ಡಿಗನ್ ಅಂತೀವಿ. ಕುತ್ತಿಗಿಯಿಂದ ಕಂಕಳತನಾ ಓರೆ ಹೊಲಿಗಿ ಬರೋ ತೋಳಿಗೆ ರ‍್ಯಾಗ್ಲನ್ ತೋಳು ಅಂತೀವಿ. ಎರಡೂ ಇದೇ ಯುದ್ಧದ ಸಾಹೇಬರ ಹೆಸರು! ರ‍್ಯಾಗ್ಲನ್ ಇಂಗ್ಲಿಷ್ ದಂಡಿನ ದೊಡ್ಡ ಸೇನಾಪತಿ. 1815ರ ವಾಟರ್ಲೂ ಯುದ್ಧದಾಗ ಬಲಗೈ ಕಳಕೊಂಡಾಂವ. ಕಾರ್ಡಿಗನ್ ಕುದುರಿ ಸವಾರರ ಸಾಹೇಬ. 1854ರ ಅಕ್ಟೋಬರ್ 25ಕ್ಕ ಬಾಲಕ್ಲಾವಾದೊಳಗ, ಮ್ಯಾಲಿಂದ ಬಂದ ಹುಕುಂ ತಪ್ಪು ತಿಳಕೊಂಡು, ಸುಮಾರು 670 ಸವಾರರು ನೆಟ್ಟಗ ತೋಪಿನ ಬಾಯಿಗೇ ನುಗ್ಗಿದ್ರು. ನೂರಕ್ಕೂ ಹೆಚ್ಚು ಮಂದಿ ಸತ್ರು. ಮುಂದ ನಿಂತು ನುಗ್ಗಿಸಿದಾಂವ ಕಾರ್ಡಿಗನ್. ಧೈರ್ಯ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಆತನ ಸವಾರರು ಬೈಲಾಗ ನಡಗುವಾಗ ಆತ ಮಲಗ್ತಿದ್ದದ್ದು ಬಂದರದಾಗ ನಿಲ್ಲಿಸಿದ್ದ ತನ್ನ ಸ್ವಂತ ಹಡಗಿನಾಗ! ಅಂಥಾವನ ಹೆಸರು ಸ್ವೆಟರಿಗೆ ಉಳೀತು. ಹೆಣದವರ ಹೆಸರು ಒಂದೂ ಉಳೀಲಿಲ್ಲ.

ಇದು ಅಲ್ಲಿಂದ ಬಂದ ಮಾತಾತು. ನಮ್ಮ ಕಡೆಯಿಂದ ಅವರ ಮೈಮ್ಯಾಲೆ ಹೋದ ಮಾತೂ ಕಡಿಮಿ ಇಲ್ಲ. ಖಾಕಿ ತಗೋರಿ. ಖಾಕ್ ಅಂದ್ರ ಫಾರ್ಸಿಯೊಳಗ ಮಣ್ಣು, ಧೂಳು. 1846ರಾಗ ಪೇಶಾವರದ ಕಡೆ ಹ್ಯಾರಿ ಲಮ್ಸ್ಡೆನ್ ಅನ್ನಾಂವ ಗೈಡ್ಸ್ ಅಂತ ಒಂದು ಪಡಿ ಕಟ್ಟಿದ. ಕೆಂಪು ಕೋಟು ದೂರದಿಂದ ಕಾಣ್ತದ, ಗುಂಡಿಗೆ ಗುರಿ ಆಗ್ತದ ಅಂತ ಆ ಪಡಿಗೆ ಮಣ್ಣಿನ ಬಣ್ಣದ ಅರಿವಿ ಬಂತು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮಗ್ಗದೊಳಗೂ ಖಾಕಿ ನೇಯ್ತಿದ್ರು, ಆ ಬಣ್ಣ ನಮ್ಮಲ್ಲೇ ಹುಟ್ಟಿದ್ದು ಅಂತ ಅಲ್ಲಿಯವರು ಹೇಳ್ತಾರ. ಬಣ್ಣ ಎಲ್ಲೇ ಹುಟ್ಟಲಿ, ಹೆಸರಂತೂ ಧೂಳಿನದು. ನಮ್ಮ ಅಣ್ಣ ಸಾಲಿಗೆ ಹಾಕ್ಕೊಂಡು ಹೋಗ್ತಿದ್ದ ಖಾಕಿ ಚೊಣ್ಣ ಸಂಜಿಕ ಬಂದಾಗ ಎಷ್ಟು ಹೊಲಸಾಗಿತ್ತು ಅಂತ ಗೊತ್ತೇ ಆಗ್ತಿರಲಿಲ್ಲ. ಆ ಬಣ್ಣದ ಗುಣಾನೇ ಅದು.

ಗಾಯಕ್ಕ ಕಟ್ಟೋ ಪಟ್ಟಿ ಇಂಗ್ಲಿಷ್‌ದಾಗ "ಪಟ್ಟೀ" ಆಗಿ ಹೋತು. ಸಿಪಾಯಿಗಳು ಹಿಮ್ಮಡದ ಮ್ಯಾಲಿಂದ ಮೊಳಕಾಲತನಾ ಸುತ್ತಿಕೊಳ್ಳೋ ಉದ್ದನ್ನ ಅರಿವಿ ಅದು. ಮೊದಲನೇ ಮಹಾಯುದ್ಧದಾಗ ನೀರಾಗ ತೊಯ್ದು ಅದು ಬಿಗಿದು, ಕಾಲು ಕೊಳಿಯೋ ರೋಗ ಹೆಚ್ಚಿತು. ಸಾಹೇಬರ ಕಮರ್‌ಬಂಡ್ ಅಂದ್ರ ನಡ ಕಟ್ಟೋದು. ನಾವು ಮದಿವಿಯೊಳಗ ಹಾಕ್ಕೊಳ್ಳೋ ಕಂಬರಪಟ್ಟಾ ಅದೇ ಫಾರ್ಸಿ "ಕಮರ್" ಮಾತಿನಿಂದ ಬಂದದ್ದು. ಇನ್ನ ಸೋಲಾ ಟೋಪಿ. ಅದು ಸೂರ್ಯನ ಹೆಸರು ಅಂತ ಭಾಳ ಮಂದಿ ತಿಳದಾರ. ಅಲ್ಲ, ಸೋಲಾ ಅಂದ್ರ ಬೆಂಡು. ನಮ್ಮಲ್ಲಿ ಮದುಮಕ್ಕಳ ಹಣಿಗೆ ಕಟ್ಟೋ ಬಾಸಿಂಗ ಮಾಡ್ತಾರಲ್ಲ, ಅಂಥಾ ಬೆಂಡಿನಿಂದನೇ ಆ ಟೋಪಿ ಮಾಡ್ತಿದ್ರು.

ಹ್ಯಾವರ್‌ಸ್ಯಾಕ್ ಅನ್ನೋ ಚೀಲ ಜರ್ಮನ್ ಮಾತು. ಓಟ್ಸ್ ತುಂಬೋ ಚೀಲ ಅಂತ ಅರ್ಥ. ಈಗ ಶುಗರ್ ಬಂದವರೆಲ್ಲಾ ಮುಂಜಾನೆದ್ದು ಓಟ್ಸ್ ತಿಂತೀವಿ, ಆಗ ಅದು ಕುದುರಿ ಊಟ!

ಇಷ್ಟೆಲ್ಲಾ ಓದಿ ನಕ್ಕ ಮ್ಯಾಲೆ ಒಂದು ಮಾತು ಮಾತ್ರ ಎದಿಯೊಳಗ ಚುಚ್ಚಿ ಉಳೀತು. 1914ರ ಸಪ್ಟಂಬರ್ ಕೊನಿಗೆ ನಮ್ಮ ದೇಶದ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರದಾಗ ಇಳದ್ರು. ಮೈಮ್ಯಾಲೆ ಬ್ಯಾಸಿಗಿಯ ತೆಳುವನ್ನ ಹತ್ತಿ ಖಾಕಿ. ಬೆಚ್ಚನ್ನ ಅರಿವಿ ತಡಾ ಆಗಿ ಬಂತು. ಕ್ರಿಮಿಯಾ ಆಗಿ ಅರವತ್ತು ವರ್ಷ ಆಗಿತ್ತು. ಹೆಸರು ಕಲತಿದ್ರು, ಪಾಠ ಕಲತಿರಲಿಲ್ಲ.

ಇದನ್ನ ವೈನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಆಕಿ ಏನೂ ಅನ್ನಲಿಲ್ಲ. ನನ್ನ ಕೈಯಾಗಿನ ಕಡ್ಡಿ ಇಸಕೊಂಡು ತಾನೇ ಹೆಣೀಲಿಕ್ಕೆ ಕೂತಳು. ಎರಡು ಸಲ ಲೆಕ್ಕ ತಪ್ಪಿ ಉಚ್ಚಿದಳು. ಮೂರನೇ ಸಲಕ್ಕ ಸೀದಾ-ಉಲ್ಟಾ ಸರಿ ಕೂತವು.

ನಮ್ಮ ಕಡೆ ಕಾಲಾಗ ಹಾಕ್ಕೊಳ್ಳೋದಕ್ಕ ಜೋಡು ಅಂತೀವಿ. ಹಳಿ ಕನ್ನಡ ಕಾವ್ಯದಾಗ ಜೋಡು ಅಂದ್ರ ಯುದ್ಧಕ್ಕ ಹೋಗೋವರ ಕವಚ. "ಅಂದ್ರ ಇದೂ ಒಂದು ಜೋಡೇ ಆತಲ್ಲ" ಅಂದಳು ವೈನಿ, ಟೊಪ್ಪಿಗಿ ತಿರುಗಿಸಿ ನೋಡಕೋತ.

ನಿನ್ನೆ ಪಾರ್ಸಲ್ ಕಳಿಸಿದಿವಿ. ಹಡಗಿನಾಗ ಹೋಗಂಗಿಲ್ಲ ಅನ್ನೋದೊಂದು ಸಮಾಧಾನ. ಮುಟ್ಟಿದ ಫೋನ್ ಬಂದ ದಿನ ಮನಿಗೆ ಬರ್ರಿ, ಎಲ್ಲಾರೂ ಕೂಡಿ ಚಹಾ ಕುಡಿಯೋಣಂತ.