ನೆಲೆ ತಪ್ಪಿದ ಸಂಸಾರಗಳು: ಅಮೆರಿಕದ ನಗರಗಳಲ್ಲಿ ವಸತಿಹೀನತೆಯ ಇತಿಹಾಸ

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡಾಗಿ ವಿಂಗಡಿಸಲಾಗಿದೆ. ಅಗಾರವೆಂದರೆ ಮನೆ. ಮನೆಯಲ್ಲಿದ್ದು ಅಣುವ್ರತಗಳನ್ನು ಪಾಲಿಸುವವನು ಅಗಾರಿ. ಮನೆಯನ್ನೂ ಅದರ ಮೇಲಣ ಮಮತೆಯನ್ನೂ ತೊರೆದವನು ಅನಗಾರ. ಈ ಎರಡರಲ್ಲಿ ಯಾವುದಕ್ಕೂ ಸೇರದ ಮೂರನೆಯ ಒಂದು ಸ್ಥಿತಿಯುಂಟು. ಮನೆಯನ್ನು ತೊರೆಯಬೇಕೆಂಬ ವೈರಾಗ್ಯವಿಲ್ಲ, ಉಳಿಸಿಕೊಳ್ಳುವ ಶಕ್ತಿಯೂ ಇಲ್ಲ. ಕೈಯಲ್ಲಿ ಕೂಸು, ಬೆನ್ನಿಗೆ ಬಟ್ಟೆಯ ಗಂಟು. ಹೀಗೆ ಬೀದಿಗೆ ಬಿದ್ದವರ ಮನೆಯಿಲ್ಲದಿಕೆ ತ್ಯಾಗವಲ್ಲ, ಸಂಕಟ. ಬಡ ದೇಶಗಳಲ್ಲಿ ಮಾತ್ರ ಈ ಸ್ಥಿತಿ ಕಾಣಬರುತ್ತದೆಂದು ತಿಳಿಯುವುದು ವಾಡಿಕೆ. ಆದರೆ ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರವೆನಿಸಿದ ಅಮೆರಿಕದ ನಗರಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಅದು ಬೇರೂರಿದೆ.

2024ರ ಜನವರಿಯ ಒಂದು ರಾತ್ರಿ ಅಲ್ಲಿ ನಡೆದ ಸರ್ಕಾರಿ ಗಣತಿಯಲ್ಲಿ ವಸತಿಹೀನರ ಸಂಖ್ಯೆ 7,71,480 ಎಂದು ಕಂಡುಬಂತು. ಅವರಲ್ಲಿ ಸುಮಾರು 2,60,000 ಮಂದಿ ಮಕ್ಕಳೊಂದಿಗರಾದ ಕುಟುಂಬಗಳಿಗೆ ಸೇರಿದವರು. ಹದಿನೆಂಟು ವರ್ಷ ತುಂಬದವರೇ ಒಂದೂವರೆ ಲಕ್ಷದಷ್ಟಿದ್ದರು. ಉತ್ತರ ಅಮೆರಿಕದ ಅನೇಕ ನಗರಗಳಲ್ಲಿ ಇಂದು ಜಿನಾಲಯಗಳಿವೆ. ಇಲ್ಲಿಂದ ಹೋದ ಎಷ್ಟೋ ಶ್ರಾವಕ ಕುಟುಂಬಗಳು ಆ ನಗರಗಳಲ್ಲಿ ನೆಲೆಸಿವೆ. ಆದುದರಿಂದ ಈ ದುಃಖದ ಮೂಲವನ್ನು ಅರಿಯುವುದು ಜೈನ ಸಮಾಜಕ್ಕೆ ತೀರ ದೂರದ ವಿಷಯವಲ್ಲ.

ಬಡತನವಿತ್ತು, ಸೂರೂ ಇತ್ತು

ಕುಟುಂಬಗಳ ವಸತಿಹೀನತೆ ಅಮೆರಿಕದಲ್ಲಿ ಅನಾದಿಯಿಂದ ಬಂದುದಲ್ಲ. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಲಕ್ಷಾಂತರ ಸಂಸಾರಗಳು ನೆಲೆ ಕಳೆದುಕೊಂಡು ತಗಡು, ಹಲಗೆಗಳ ಗುಡಿಸಲುಗಳಲ್ಲಿ ವಾಸಿಸಿದ್ದುಂಟು. ಅದಕ್ಕೆ ಉತ್ತರವಾಗಿ ಸರ್ಕಾರ ತಾನೇ ಮನೆ ಕಟ್ಟಲು ಮುಂದಾಯಿತು. ಅಟ್ಲಾಂಟಾ ನಗರದ ಟೆಕ್‌ವುಡ್ ಹೋಮ್ಸ್ ಎಂಬ ವಸತಿ ಸಮುಚ್ಚಯವನ್ನು ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 1935ರಲ್ಲಿ ಲೋಕಾರ್ಪಣೆ ಮಾಡಿದರು. 1937ರ ವಸತಿ ಕಾಯಿದೆ ಸಾರ್ವಜನಿಕ ವಸತಿಗೆ ಶಾಶ್ವತ ಆಧಾರವನ್ನು ಒದಗಿಸಿತು. ಪ್ರತಿಯೊಂದು ಅಮೆರಿಕನ್ ಕುಟುಂಬಕ್ಕೂ ಯೋಗ್ಯವಾದ ಮನೆ ದೊರೆಯಬೇಕೆಂಬ ಧ್ಯೇಯವನ್ನು 1949ರ ಕಾಯಿದೆ ಸ್ಪಷ್ಟವಾಗಿ ಸಾರಿತು. ಆರು ವರ್ಷಗಳಲ್ಲಿ 8,10,000 ಮನೆಗಳನ್ನು ಕಟ್ಟಬೇಕೆಂದು ಅದು ಗುರಿಯಿಟ್ಟಿತು. ಆ ಸಂಖ್ಯೆಯನ್ನು ಮುಟ್ಟಲು ಸುಮಾರು ಎರಡು ದಶಕಗಳೇ ಬೇಕಾದವು.

ಈ ವ್ಯವಸ್ಥೆ ದೋಷರಹಿತವಾಗಿರಲಿಲ್ಲ. ಟೆಕ್‌ವುಡ್‌ನಲ್ಲಿ ಆರಂಭದಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. 1934ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆಯೊಂದು ಗೃಹಸಾಲಗಳಿಗೆ ಖಾತರಿ ನೀಡುತ್ತಿತ್ತು. ಕಪ್ಪುಜನರು ವಾಸಿಸುವ ಬಡಾವಣೆಗಳನ್ನು ಅದು ಸಾಲಕ್ಕೆ ಅನರ್ಹವೆಂದು ಬದಿಗಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ಕೋಟ್ಯಂತರ ಬಿಳಿಯರು ಸ್ವಂತ ಮನೆಯ ಮೂಲಕ ಆಸ್ತಿವಂತರಾದಾಗ ಕಪ್ಪುಜನರು ಬಾಡಿಗೆದಾರರಾಗಿಯೇ ಉಳಿದರು. ಇಂತಹ ತಾರತಮ್ಯವನ್ನು ನಿಷೇಧಿಸಿದ್ದು 1968ರ ಕಾಯಿದೆ. ಅಷ್ಟರಲ್ಲಿ ಒಂದು ತಲೆಮಾರಿನ ಸಂಪತ್ತು ಕೈತಪ್ಪಿ ಹೋಗಿತ್ತು. ಇಂದು ದೇಶದ ಜನಸಂಖ್ಯೆಯಲ್ಲಿ ಶೇಕಡಾ 13ರಷ್ಟಿರುವ ಕಪ್ಪುಜನರು ವಸತಿಹೀನ ಕುಟುಂಬಗಳಲ್ಲಿ ಆ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿರುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಇಷ್ಟಾದರೂ 1950 ಮತ್ತು 1960ರ ದಶಕಗಳಲ್ಲಿ ವಸತಿಹೀನರೆಂದರೆ ನ್ಯೂಯಾರ್ಕಿನ ಬೌರಿ, ಶಿಕಾಗೋದ ವೆಸ್ಟ್ ಮ್ಯಾಡಿಸನ್ ಬೀದಿಗಳಂತಹ ಕೇರಿಗಳ ಅಗ್ಗದ ವಸತಿಗೃಹಗಳಲ್ಲಿ ದಿನ ದೂಡುತ್ತಿದ್ದ ಒಂಟಿ ಗಂಡಸರು, ಹೆಚ್ಚಿನವರು ವಯಸ್ಸಾದವರು. ತಾಯಿ ಮಕ್ಕಳು ಆಶ್ರಯ ಬೇಡಿ ನಿಂತ ದೃಶ್ಯ ಅಪರೂಪವಾಗಿತ್ತು. ಬಡ ಸಂಸಾರಗಳ ಮನೆಗಳು ಇಕ್ಕಟ್ಟಾಗಿದ್ದವು, ಶಿಥಿಲವಾಗಿದ್ದವು, ಆದರೆ ಮನೆಗಳಿದ್ದವು.

ಎಲೆಗಳು ಕಡಿಮೆಯಾದ ಪಂಕ್ತಿ

1970ರ ನಂತರ ಈ ಸ್ಥಿತಿ ಬದಲಾಯಿತು. ಮೊದಲನೆಯದಾಗಿ ಅಗ್ಗದ ಮನೆಗಳು ಕಣ್ಮರೆಯಾದವು. ನಗರ ನವೀಕರಣದ ಹೆಸರಿನಲ್ಲಿ, ಹೆದ್ದಾರಿಗಳ ನಿರ್ಮಾಣಕ್ಕಾಗಿ ಹಳೆಯ ಬಡಾವಣೆಗಳನ್ನು ಕೆಡವಲಾಗಿತ್ತು. ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸ್‌ನಂತಹ ಪ್ರದೇಶಗಳಲ್ಲಿ ಮಾಲಿಕರು ಲಾಭವಿಲ್ಲದ ಕಟ್ಟಡಗಳನ್ನು ಕೈಬಿಟ್ಟರು. ಎಷ್ಟೋ ಕಟ್ಟಡಗಳು ಬೆಂಕಿಗೆ ಆಹುತಿಯಾದವು. ಉಳಿದ ಕೆಲವು ಕಟ್ಟಡಗಳು ಸಿರಿವಂತರ ನಿವಾಸಗಳಾಗಿ ರೂಪಾಂತರಗೊಂಡವು. 1970ರಲ್ಲಿ ಬಡ ಬಾಡಿಗೆದಾರರ ಸಂಖ್ಯೆಗಿಂತ ಅವರಿಗೆ ಎಟುಕುವ ಮನೆಗಳ ಸಂಖ್ಯೆಯೇ ತುಸು ಹೆಚ್ಚಿತ್ತು. 1980ರ ದಶಕದ ನಡುವಿನ ಹೊತ್ತಿಗೆ ಆ ಲೆಕ್ಕ ತಲೆಕೆಳಗಾಗಿ ಲಕ್ಷಾಂತರ ಮನೆಗಳ ಕೊರತೆ ಉಂಟಾಯಿತು.

ಎರಡನೆಯದಾಗಿ ಬಡವರ ಆದಾಯ ಬಾಡಿಗೆಯ ಹಿಂದೆ ಬಿದ್ದಿತು. ಕಾರ್ಖಾನೆಗಳು ಮುಚ್ಚಿದಾಗ ಓದು ಕಡಿಮೆಯಿದ್ದವರಿಗೆ ಸಿಕ್ಕಿದ್ದು ಅಲ್ಪ ವೇತನದ ಕೆಲಸಗಳು. ಆಸರೆಯಿಲ್ಲದ ತಾಯಂದಿರಿಗೆ ಸಿಗುತ್ತಿದ್ದ ಸರ್ಕಾರಿ ಧನಸಹಾಯವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಲಿಲ್ಲ; 1970ರಿಂದ 1990ರ ದಶಕದ ನಡುವಿನವರೆಗೆ ಅದರ ನಿಜಮೌಲ್ಯ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಿತು. 1996ರ ಕಾಯಿದೆ ಆ ಯೋಜನೆಯನ್ನೇ ಕೊನೆಗಾಣಿಸಿ, ಕೇಂದ್ರದ ಹಣದಿಂದ ನೀಡುವ ನೆರವಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಐದು ವರ್ಷಗಳ ಮಿತಿಯನ್ನು ವಿಧಿಸಿತು. ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನವು 2009ರಿಂದ ಗಂಟೆಗೆ 7.25 ಡಾಲರಿನಲ್ಲಿಯೇ ನಿಂತಿದೆ. ಅನೇಕ ರಾಜ್ಯಗಳು ತಮ್ಮ ಮಟ್ಟಿಗೆ ಅದನ್ನು ಹೆಚ್ಚಿಸಿಕೊಂಡಿದ್ದರೂ ಬಾಡಿಗೆಯ ಏರಿಕೆ ಎಲ್ಲಿಯೂ ಅದಕ್ಕಾಗಿ ಕಾಯಲಿಲ್ಲ.

ಮೂರನೆಯದಾಗಿ ಸರ್ಕಾರವು ಮನೆ ಕಟ್ಟುವ ಹೊಣೆಯಿಂದ ಹಿಂದೆ ಸರಿಯಿತು. 1973ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊಸ ವಸತಿ ಯೋಜನೆಗಳಿಗೆ ತಡೆಯೊಡ್ಡಿದರು. 1974ರಲ್ಲಿ ಬಂದ ಬಾಡಿಗೆ ಸಹಾಯ ಯೋಜನೆ ಒಳ್ಳೆಯದೇ ಆಗಿತ್ತು. ಈಗ ರೂಢಿಯಲ್ಲಿರುವ ಕ್ರಮದಂತೆ ಬಡ ಕುಟುಂಬ ತನ್ನ ಆದಾಯದ ಸುಮಾರು ಶೇಕಡಾ 30 ಭಾಗವನ್ನು ಬಾಡಿಗೆಗೆ ಕೊಟ್ಟರೆ ಉಳಿದುದನ್ನು ಸರ್ಕಾರ ಭರಿಸುತ್ತದೆ. ಆದರೆ 1980ರ ದಶಕದಲ್ಲಿ ರೇಗನ್ ಆಡಳಿತ ವಸತಿ ಇಲಾಖೆಯ ಹೊಸ ಅನುದಾನಗಳನ್ನು ತೀವ್ರವಾಗಿ ಕಡಿತಗೊಳಿಸಿತು. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಇಂದಿಗೂ ಈ ಸಹಾಯ ದೊರೆಯುತ್ತದೆ. ಉಳಿದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ರೂಸ್‌ವೆಲ್ಟರು ಲೋಕಾರ್ಪಣೆ ಮಾಡಿದ ಟೆಕ್‌ವುಡ್ ಹೋಮ್ಸ್ ಕೂಡ 1996ರ ಒಲಿಂಪಿಕ್ ಕ್ರೀಡೆಗಳ ವೇಳೆಗೆ ಬಹುಮಟ್ಟಿಗೆ ನೆಲಸಮವಾಗಿತ್ತು.

ಗೃಹಹಿಂಸೆ, ಕಾಯಿಲೆ, ಮಾದಕ ವ್ಯಸನ, ಪತಿಪತ್ನಿಯರ ಬೇರ್ಪಡೆ ಮೊದಲಾದ ಕಾರಣಗಳನ್ನೂ ವಿದ್ವಾಂಸರು ಹೇಳುತ್ತಾರೆ. ಅವು ಸುಳ್ಳಲ್ಲ. ಆದರೆ ಹತ್ತು ಎಲೆ ಹಾಕಿದ ಪಂಕ್ತಿಗೆ ಹನ್ನೆರಡು ಮಂದಿ ಬಂದರೆ ಇಬ್ಬರು ನಿಲ್ಲಲೇಬೇಕು. ನಿಂತವರು ಕುಂಟರೋ ಮುದುಕರೋ ಆಗಿರಬಹುದು. ಯಾರು ನಿಂತರು ಎಂಬ ಪ್ರಶ್ನೆಗೆ ಅದು ಉತ್ತರವಾದೀತು. ಏಕೆ ನಿಲ್ಲಬೇಕಾಯಿತು ಎಂಬುದಕ್ಕೆ ಎಲೆಗಳ ಕೊರತೆಯೇ ಉತ್ತರ.

ಆಶ್ರಯ ದೊರೆಯಿತು, ಮನೆ ದೊರೆಯಲಿಲ್ಲ

ಈ ಸಂಕಟ ಮೊದಲು ಎದ್ದು ಕಂಡದ್ದು ನ್ಯೂಯಾರ್ಕಿನಲ್ಲಿ. ಒಂಟಿ ಗಂಡಸರಿಗೆ ರಾತ್ರಿಯ ಆಶ್ರಯ ನೀಡಲು ನಗರಾಡಳಿತ 1981ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. 1983ರಲ್ಲಿ ಕುಟುಂಬಗಳ ಪರವಾಗಿ ಇನ್ನೊಂದು ಮೊಕದ್ದಮೆ ಹೂಡಲಾಯಿತು. ಅದು ಅಂತಿಮವಾಗಿ ಇತ್ಯರ್ಥವಾದದ್ದು 2008ರಲ್ಲಿ. ಮಸಾಚುಸೆಟ್ಸ್ ರಾಜ್ಯ 1983ರಲ್ಲಿಯೇ ಕುಟುಂಬಗಳಿಗೆ ಆಶ್ರಯದ ಹಕ್ಕನ್ನು ಕಾನೂನಿನ ಮೂಲಕ ನೀಡಿತು. ಮಗುವಿರುವ ತಾಯಿಯನ್ನು ಚಳಿಗಾಲದ ಬೀದಿಯಲ್ಲಿ ಬಿಡಬಾರದೆಂಬ ತತ್ತ್ವ ಇದರಿಂದ ಸ್ಥಾಪಿತವಾಯಿತು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ನ್ಯೂಯಾರ್ಕ್ ನಗರ ಈ ಹೊಣೆಯನ್ನು ನಿರ್ವಹಿಸಿದ ರೀತಿ ವಿಚಿತ್ರವಾಗಿತ್ತು. 1980ರ ದಶಕದ ಆರಂಭದಲ್ಲಿ ಸಾವಿರದಷ್ಟಿದ್ದ ಆಶ್ರಿತ ಕುಟುಂಬಗಳು 1987ರ ಹೊತ್ತಿಗೆ ಐದು ಸಾವಿರದಷ್ಟಾದವು. ಅವರನ್ನು ಇಡಲು ಹಳೆಯ ಹೋಟೆಲುಗಳ ಕೋಣೆಗಳನ್ನು ಬಾಡಿಗೆಗೆ ಪಡೆಯಲಾಯಿತು. ಹೆರಾಲ್ಡ್ ಚೌಕದ ಬಳಿಯ ಮಾರ್ಟಿನೀಕ್ ಹೋಟೆಲ್ ಇವುಗಳಲ್ಲಿ ಕುಪ್ರಸಿದ್ಧವಾದುದು. ಅಲ್ಲಿನ ಸಂಸಾರಗಳ ಪಾಡನ್ನು ಲೇಖಕ ಜೊನಾಥನ್ ಕೋಜೋಲ್ 1988ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅಡುಗೆಮನೆಯಿಲ್ಲದ ಒಂದೇ ಕೋಣೆಯಲ್ಲಿ ತಾಯಿ ಮಕ್ಕಳೆಲ್ಲ ತಿಂಗಳುಗಟ್ಟಲೆ ಕಳೆಯಬೇಕಾಗಿತ್ತು. ಅಂತಹ ಕೋಣೆಗೆ ಸರ್ಕಾರ ತಿಂಗಳಿಗೆ ಸಾವಿರ ಡಾಲರಿಗೂ ಮಿಕ್ಕಿ ತೆರುತ್ತಿತ್ತು. ಅದೇ ಕುಟುಂಬ ಸಾಧಾರಣ ಮನೆ ಹಿಡಿಯಲು ಕೊಡುತ್ತಿದ್ದ ಬಾಡಿಗೆ ಭತ್ಯೆ ಅದರ ಒಂದು ಸಣ್ಣ ಅಂಶ ಮಾತ್ರ. ತುರ್ತು ನೆರವಿನ ನಿಧಿಯಿಂದ ಹೋಟೆಲಿಗೆ ಹಣ ಕೊಡಬಹುದಾಗಿತ್ತು. ಶಾಶ್ವತ ಮನೆಗಳನ್ನು ಕಟ್ಟಲು ಆ ನಿಧಿ ಒದಗುತ್ತಿರಲಿಲ್ಲ. ಹೀಗೆ ಮನೆಗೆ ಇಲ್ಲದ ಹಣ ಮನೆಯಿಲ್ಲದಿಕೆಗೆ ಧಾರಾಳವಾಗಿ ವ್ಯಯವಾಯಿತು. ಮುಂದೆ ನಗರಾಡಳಿತ ತನ್ನ ವಶಕ್ಕೆ ಬಂದಿದ್ದ ಪಾಳು ಕಟ್ಟಡಗಳನ್ನು ದುರಸ್ತಿಗೊಳಿಸಿ ಸಾವಿರಾರು ವಸತಿಹೀನ ಕುಟುಂಬಗಳಿಗೆ ನೀಡಿದ್ದು ಶ್ಲಾಘನೀಯ.

ಮಕ್ಕಳ ಮೇಲಾದ ಪರಿಣಾಮ

ಈ ದುಃಖದ ಹೆಚ್ಚಿನ ಭಾರ ಬಿದ್ದುದು ಮಕ್ಕಳ ಮೇಲೆ. ಅಮೆರಿಕದಲ್ಲಿ ಮನುಷ್ಯನೊಬ್ಬ ಆಶ್ರಯಧಾಮದಲ್ಲಿರುವ ಸಂಭವ ಅತ್ಯಧಿಕವಾಗಿರುವುದು ಮುಪ್ಪಿನಲ್ಲಲ್ಲ, ಹುಟ್ಟಿದ ಮೊದಲ ವರ್ಷದಲ್ಲಿ ಎಂಬ ಅಧ್ಯಯನದ ಮಾತು ಎಂಥವರನ್ನೂ ಚಿಂತೆಗೀಡುಮಾಡುತ್ತದೆ. ಮನೋವೈದ್ಯೆ ಎಲೆನ್ ಬಸ್ಸುಕ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಸಾಚುಸೆಟ್ಸಿನ ಆಶ್ರಯಧಾಮಗಳ ಮಕ್ಕಳನ್ನು ಪರೀಕ್ಷಿಸಿದಾಗ, ಅವರಲ್ಲಿ ಅನೇಕರ ಮಾತು ಮತ್ತು ಬೆಳವಣಿಗೆ ವಯಸ್ಸಿಗಿಂತ ಹಿಂದುಳಿದಿದ್ದವು. ಆತಂಕ, ಖಿನ್ನತೆಗಳೂ ಕಂಡುಬಂದವು. ನೆಲೆ ಬದಲಾದಂತೆಲ್ಲ ಶಾಲೆಯೂ ಬದಲಾಗುತ್ತದೆ. ಶಾಲೆ ಬದಲಾದಂತೆಲ್ಲ ಕಲಿತದ್ದು ಕೈಜಾರುತ್ತದೆ, ಗೆಳೆಯರು ತಪ್ಪಿಹೋಗುತ್ತಾರೆ. ಕೆಲವು ಆಶ್ರಯಧಾಮಗಳು ತಂದೆಯನ್ನಾಗಲಿ ಬೆಳೆದ ಗಂಡುಮಕ್ಕಳನ್ನಾಗಲಿ ಒಳಗೆ ಸೇರಿಸದುದರಿಂದ ಸಂಸಾರಗಳು ಒಡೆದದ್ದೂ ಉಂಟು.

1987ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಮೆಕಿನ್ನಿ ಕಾಯಿದೆ ವಸತಿಹೀನರಿಗೆ ನೆರವು ನೀಡುವ ಮೊದಲ ಮಹತ್ವದ ಕೇಂದ್ರ ಶಾಸನ. ಇಂದಿನ ರೂಪದಲ್ಲಿ ಅದು, ವಿಳಾಸದ ದಾಖಲೆಯಿಲ್ಲವೆಂದು ಮಗುವಿಗೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಸಾಧ್ಯವಾದಷ್ಟೂ ಮಗು ತನ್ನ ಹಿಂದಿನ ಶಾಲೆಯಲ್ಲಿಯೇ ಮುಂದುವರಿಯಬೇಕು ಎಂದು ವಿಧಿಸುತ್ತದೆ. ಅನ್ಯರ ಮನೆಗಳಲ್ಲಿ ತಾತ್ಕಾಲಿಕವಾಗಿ ತಂಗಿದ ಮಕ್ಕಳನ್ನೂ ಸೇರಿಸಿ ಲೆಕ್ಕಹಾಕುವ ಶಾಲೆಗಳು 2022-23ರ ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ವಸತಿಹೀನ ವಿದ್ಯಾರ್ಥಿಗಳನ್ನು ಗುರುತಿಸಿದವು.

ಪರೀಕ್ಷೆಗೆ ಒಡ್ಡಿದ ಪರಿಹಾರ

ಯಾವ ನೆರವು ನಿಜವಾಗಿ ಫಲಿಸುತ್ತದೆ ಎಂಬುದನ್ನು ಅರಿಯಲು ಅಮೆರಿಕದ ವಸತಿ ಇಲಾಖೆ 2010ರಿಂದ ಹನ್ನೆರಡು ಪ್ರದೇಶಗಳಲ್ಲಿ ಸುಮಾರು 2,300 ಕುಟುಂಬಗಳ ನಡುವೆ ಅಧ್ಯಯನವೊಂದನ್ನು ನಡೆಸಿತು. ಕೆಲವರಿಗೆ ದೀರ್ಘಕಾಲದ ಬಾಡಿಗೆ ಸಹಾಯ, ಕೆಲವರಿಗೆ ಅಲ್ಪಕಾಲದ ಸಹಾಯ, ಕೆಲವರಿಗೆ ಸಲಹೆ ಸೇವೆಗಳ ಸಹಿತವಾದ ಮಧ್ಯಂತರ ವಸತಿಯ ಅವಕಾಶ ನೀಡಲಾಯಿತು. ಉಳಿದವರು ಎಂದಿನ ವ್ಯವಸ್ಥೆಯಲ್ಲಿಯೇ ಇದ್ದರು. 2015 ಮತ್ತು 2016ರಲ್ಲಿ ಫಲಿತಾಂಶ ಹೊರಬಂತು. ದೀರ್ಘಕಾಲದ ಬಾಡಿಗೆ ಸಹಾಯದ ಅವಕಾಶ ಪಡೆದವರಲ್ಲಿ ವಸತಿಹೀನತೆ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಅಷ್ಟೇ ಅಲ್ಲ, ಮಕ್ಕಳ ಶಾಲೆ ಬದಲಾವಣೆ, ತಾಯಂದಿರ ಮನೋವ್ಯಥೆ, ಗೃಹಹಿಂಸೆಗಳೂ ಕಡಿಮೆಯಾಗಿದ್ದವು. ಆರಂಭದ ಅವಧಿಯಲ್ಲಿ ದುಡಿಮೆ ತುಸು ಇಳಿದದ್ದು ಕಂಡರೂ, ಮೂರು ವರ್ಷಗಳ ಒಟ್ಟು ವೆಚ್ಚ ಎಂದಿನ ವ್ಯವಸ್ಥೆಗಿಂತ ಶೇಕಡಾ 9ರಷ್ಟು ಮಾತ್ರ ಹೆಚ್ಚಾಗಿತ್ತು. ಕುಟುಂಬವನ್ನು ಮೊದಲು ತಿದ್ದಿ ಆಮೇಲೆ ಮನೆ ಕೊಡಬೇಕೆಂಬ ವಾದಕ್ಕೆ ಇದರಿಂದ ಬಲ ಬರಲಿಲ್ಲ. ಮನೆ ದೊರೆತಾಗ ಕುಟುಂಬ ತಾನಾಗಿಯೇ ಚೇತರಿಸಿಕೊಳ್ಳತೊಡಗಿತು.

ವಸತಿದಾನದ ಧರ್ಮ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯದ ನಾಲ್ಕು ದಾನಗಳನ್ನು ಹೇಳುವಾಗ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ಎಣಿಸಿದ್ದಾರೆ. ಅದರ ದೃಷ್ಟಾಂತವಾಗಿ ಹೆಸರಿಸಿರುವುದು ಒಂದು ಹಂದಿಯನ್ನು. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆಯುಂಟು. ಮಾಳವ ದೇಶದಲ್ಲಿ ಕುಂಬಾರ ದೇವಿಲ ಮತ್ತು ಕ್ಷೌರಿಕ ಧಮಿಲ್ಲ ಇಬ್ಬರೂ ಸೇರಿ ದಾರಿಹೋಕರಿಗಾಗಿ ಒಂದು ತಂಗುದಾಣವನ್ನು ಕಟ್ಟಿಸಿದರು. ದೇವಿಲನು ಅಲ್ಲಿ ಮುನಿಯೊಬ್ಬರಿಗೆ ಸ್ಥಳ ಕೊಟ್ಟನು. ಧಮಿಲ್ಲನು ಬೇರೊಬ್ಬನನ್ನು ತಂದಿರಿಸಿ ಮುನಿಯನ್ನು ಹೊರದೂಡಿದನು. ಮುನಿ ರಾತ್ರಿಯೆಲ್ಲ ಮರದ ಬುಡದಲ್ಲಿ ಚಳಿಯನ್ನೂ ಸೊಳ್ಳೆಗಳ ಕಾಟವನ್ನೂ ಸಹಿಸಿದರು. ಕಾದಾಡಿ ಸತ್ತ ಅವರಿಬ್ಬರೂ ಮರುಜನ್ಮದಲ್ಲಿ ಹಂದಿಯೂ ಹುಲಿಯೂ ಆದರು. ಗುಹೆಯಲ್ಲಿದ್ದ ಮುನಿಗಳನ್ನು ಹುಲಿಯಿಂದ ಕಾಯುತ್ತ ಹಂದಿ ಪ್ರಾಣಬಿಟ್ಟು ಸ್ವರ್ಗವನ್ನು ಪಡೆಯಿತು.

ತಂಗುದಾಣ ಕಟ್ಟಿಸಿದ ಪುಣ್ಯಕಾರ್ಯ ಇಬ್ಬರಿಗೂ ಸಮಾನ. ಅವರ ಗತಿಯನ್ನು ಬೇರೆಮಾಡಿದುದು ಒಳಗಿದ್ದವರನ್ನು ಒಬ್ಬ ನಡೆಸಿಕೊಂಡ ಬಗೆ, ಇನ್ನೊಬ್ಬ ಹೊರದೂಡಿದ ಬಗೆ. ಕಥೆಯಲ್ಲಿ ಹೊರದೂಡಲ್ಪಟ್ಟವರು ಮುನಿ. ಪರೀಷಹ ಸಹನೆ ಅವರ ವ್ರತ. ಎಳೆಯ ಮಗುವಿಗೆ ಅಂತಹ ಯಾವ ವ್ರತವೂ ಇಲ್ಲ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವ ಸೂತ್ರ ಬಂಗಾರ ಬೆಳ್ಳಿಗಳಿಗಿಂತ ಮೊದಲು ಹೊಲ ಮತ್ತು ಮನೆಗಳನ್ನು ಹೆಸರಿಸುವುದು ಇಲ್ಲಿ ನೆನೆಯತಕ್ಕದ್ದು. ಮನೆ ವಾಸಕ್ಕೆ ಎಂಬ ಮಾತು ಹಿಂದೆ ಸರಿದು ಮನೆ ಲಾಭಕ್ಕೆ ಎಂಬ ಮಾತು ಮುಂದೆ ಬಂದಾಗ ಏನಾಗುವುದೆಂಬುದಕ್ಕೆ ಅಮೆರಿಕದ ನಗರಗಳೇ ಸಾಕ್ಷಿ. ಅನ್ನದಾನಕ್ಕೆ ಕೊಡುಗೈಯಾದ ಧರ್ಮಸಂಸ್ಥೆಗಳು ಅಲ್ಲಿಯೂ ಕಡಿಮೆಯಿಲ್ಲ. ಒಂದು ಹೊತ್ತಿನ ಊಟ, ಒಂದು ರಾತ್ರಿಯ ಹಾಸಿಗೆ ಅವುಗಳಿಂದ ದೊರೆಯುತ್ತವೆ. ಆದರೆ ನಾಳೆಯೂ ಇದೇ ಬಾಗಿಲು ತನ್ನದೆಂಬ ಅಭಯ ದೊರೆಯುವುದು ನೆಲೆಯಾದ ಮನೆಯಿಂದ ಮಾತ್ರ. ಬಾಡಿಗೆ ಕಟ್ಟಡಗಳನ್ನು ಹೊಂದಿದ ಬಸದಿಯ ಟ್ರಸ್ಟುಗಳೂ ಗೃಹಸ್ಥರೂ ತಮ್ಮ ಲೆಕ್ಕದ ಪುಸ್ತಕದಲ್ಲಿ ಬಾಕಿ ನಿಂತ ಹೆಸರೊಂದನ್ನು ಕಂಡಾಗ, ಆ ಹೆಸರಿನ ಹಿಂದೆ ಶಾಲೆಗೆ ಹೋಗುವ ಮಗುವಿದೆಯೇ ಎಂದು ಒಮ್ಮೆ ವಿಚಾರಿಸುವುದು ಅಭಯದಾನದ ಮೊದಲ ಮೆಟ್ಟಿಲು.