ಎರಡು ಸೂರ್ಯೋದಯಗಳ ಹಾದಿ

ದೂರವನ್ನು ‘ಎರಡು ದಿನದ ಹಾದಿ’ ಎಂದು ಕಾಲದಿಂದಲೇ ಅಳೆದವರು ನಮ್ಮ ಹಿರಿಯರು. ಆ ಮಾತಿನ ಸತ್ಯ ನನಗೆ ಮನವರಿಕೆಯಾದದ್ದು ಆಸ್ಟ್ರೇಲಿಯದ ಪರ್ತ್‌ಗೂ ಲಂಡನ್ನಿಗೂ ನಡುವಣ ವಿಮಾನಮಾರ್ಗದ ಚರಿತ್ರೆಯಿಂದ.

1942ರಲ್ಲಿ ಸಿಂಗಪುರ ಜಪಾನೀಯರ ವಶವಾಯಿತು; ಆಸ್ಟ್ರೇಲಿಯ-ಬ್ರಿಟನ್ ವಿಮಾನಮಾರ್ಗ ಕಡಿಯಿತು. 1943ರಲ್ಲಿ ಕ್ವಾಂಟಾಸ್ ಸಂಸ್ಥೆಯು, ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳನ್ನು ಪರ್ತಿನಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ ಹಾರಿಸತೊಡಗಿತು. ಅಲ್ಲಿಂದ ಮುಂದೆ ಲಂಡನ್ನಿನ ಹಾದಿ. ಕೊಗ್ಗಲದವರೆಗೆ ಸುಮಾರು 5,600 ಕಿಲೋಮೀಟರು. 27ರಿಂದ 33 ಗಂಟೆ. ಇಂಧನದ ಭಾರದಿಂದ ಪ್ರಯಾಣಿಕರು ಹೆಚ್ಚೆಂದರೆ ಮೂವರು. ಶತ್ರುಭಯದಿಂದ ರೇಡಿಯೋ ಮೌನ, ನಕ್ಷತ್ರಗಳೇ ದಾರಿದೀಪ. ಒಂದೇ ಪಯಣದಲ್ಲಿ ಎರಡು ಸೂರ್ಯೋದಯ!

2018ರ ಮಾರ್ಚಿಯಲ್ಲಿ ಪರ್ತಿನಿಂದ ಲಂಡನ್ನಿಗೇ ಸುಮಾರು 14,500 ಕಿಲೋಮೀಟರನ್ನು ವಿಮಾನ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತು. ಆದರೆ 2024ರ ಏಪ್ರಿಲಿನಲ್ಲಿ, ಇರಾನಿನ ಸುತ್ತಣ ಆಕಾಶವನ್ನು ತಪ್ಪಿಸಲು, ಆ ಮಾರ್ಗದ ವಿಮಾನ ಇಂಧನಕ್ಕಾಗಿ ಅದೇ ಸಿಂಗಪುರದಲ್ಲಿ ಇಳಿಯಬೇಕಾಯಿತು. ಯಂತ್ರ ಕುಗ್ಗಿಸಿದ ಹಾದಿಯನ್ನು ಮನುಷ್ಯನ ವೈರ ಮತ್ತೆ ಹಿಗ್ಗಿಸಿತು.